ಹಾಲು ಕೊಡುವ ಕ್ರಿಯಾಪದಗಳು

ನಮ್ಮ ಮಾಮಾನ ಮನೆಯಲ್ಲಿ ಇಂಗ್ಲಿಷ್ ಕ್ರಿಯಾಪದಗಳು ದಿನಕ್ಕೆ ಎರಡು ಹೊತ್ತು ಹಾಲು ಕೊಡುತ್ತವೆ. ನಂಬುವುದಿಲ್ಲವೆ? ಒಳ್ಳೆಯದು. ನಾನೂ ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಸೊಲ್ಲಾಪುರದ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳ ಮೇಜು ಗುದ್ದಿ ಗುದ್ದಿ ಬೆಳೆದವಳು. ದೇವರು, ಜಾತಕ, ಹವಾಮಾನದ ವರದಿ, ಟವೆಲ್ ಅಂಗಡಿಯವರ 'ಬಣ್ಣ ಬಿಡಂಗಿಲ್ರಿ' ಎಂಬ ಆಣೆ (ಆ ಅಂಗಡಿ ನಮ್ಮಪ್ಪನದೇ!), ಎಲ್ಲದಕ್ಕೂ ಪುರಾವೆ ಕೇಳುವವಳು. ಆದರೆ ಮಾಮಾನ ಊರಾದ ಚಪಳಗಾಂವದ ಆ ಕೊಟ್ಟಿಗೆಯಲ್ಲಿ ನಿಂತು ಒಂದು ಲೋಟ 'ವೆಂಟ್' ಕುಡಿದ ಮೇಲೆ ಪುರಾವೆ ಕೇಳುವುದು ಹೇಗೆ? ಪುರಾವೆ ಮೇಲ್ತುಟಿಯ ಮೇಲೇ ಬೆಳ್ಳಗೆ ಕೂತಿತ್ತು.

ಮಾಮಾ ಎಂದರೆ ನಮ್ಮವ್ವನ ಅಣ್ಣ. ಊರಿನ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವರು. ಜೋಳ ತೊಗರಿಯ ಹೊಲ, ಒಂದು ಬಾವಿ, ಕೊಟ್ಟಿಗೆ ತುಂಬ ದನ, ಜೊತೆಗೆ ಅವರನ್ನು ಸಹಿಸಿಕೊಳ್ಳಲು ಒಬ್ಬ ಮಾಮಿ. ಇಷ್ಟು ಅವರ ಸಂಪತ್ತು. ಇಂಗ್ಲಿಷಿನ ಸಂಬಂಧ ಕುದುರಿದ್ದು ಮಾತ್ರ ಆಕಸ್ಮಿಕವಾಗಿ. ಒಂದು ಸಲ ದೇವರ ಪಟ ತರಲು ಅಕ್ಕಲಕೋಟೆಗೆ ಹೋದರು. ಬೇಕಾದ ದೇವರು ಅಂಗಡಿಯಲ್ಲಿ ಮುಗಿದಿದ್ದರು. ಬರಿಗೈಲಿ ಬರಬಾರದೆಂದು ಪಕ್ಕದಲ್ಲಿ ನೇತಾಡುತ್ತಿದ್ದ ಒಂದು ತಕ್ತೆ ತಂದರು. ಶಾಲೆಯ ಮಕ್ಕಳು ಗೋಡೆಗೆ ಅಂಟಿಸಿಕೊಳ್ಳುವ ಇಂಗ್ಲಿಷ್ ಕ್ರಿಯಾಪದಗಳ ತಕ್ತೆ. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್. ಉಚ್ಚಾರ ಮರಾಠಿ ಅಕ್ಷರದಲ್ಲಿತ್ತು. ಅರ್ಥ ಕೊಟ್ಟಿದ್ದ ಕೊನೆಯ ಖಾನೆಯೂ ಇತ್ತು, ಆದರೆ ಅದನ್ನು ಬಸ್ಸಿನಲ್ಲಿ ಯಾರದೋ ಆಡು ತಿಂದು ಹಾಕಿತು!

ಹೀಗೆ ಇಂಗ್ಲಿಷ್ ಭಾಷೆ ಅರ್ಥವೊಂದನ್ನು ಬಿಟ್ಟು ಉಳಿದೆಲ್ಲ ಸಮೇತ ನಮ್ಮ ಮಾಮಾನ ಮನೆ ಸೇರಿತು.

ಆ ತಕ್ತೆ ನೋಡಿದರೆ ನೀವು ಏನೆನ್ನುತ್ತೀರಿ? ವ್ಯಾಕರಣ ಎನ್ನುತ್ತೀರಿ. ಮಾಮಾ ಏನಂದರು? ವಂಶಾವಳಿ!

"ನೋಡಿಲ್ಲಿ, ಮೊದಲನೇ ಖಾನೆ ತಾಯಿ. ಎರಡನೇದು ಮಗಳು. ಮೂರನೇದು ಮೊಮ್ಮಗಳು. ಇಂಗ್ರೇಜಿ ಮಂದೀನೂ ದನಾ ಸಾಕಿದವರೇ ಇರಬೇಕವಾ. ಇಲ್ಲಂದ್ರ ಇಷ್ಟ ಹುಶಾರಕಿ ಎಲ್ಲಿಂದ ಬರ್ತಿತ್ತು?"

ಅವರಿಗೆ ಅಂಥದೊಂದು ತಕ್ತೆಯ ಅಗತ್ಯವೂ ಇತ್ತೆನ್ನಿ. ಆಗ ಊರಿನಲ್ಲಿ ಪ್ರತಿ ಮನೆಯ ಆಕಳೂ ಲಕ್ಷ್ಮಿ, ತಪ್ಪಿದರೆ ಗಂಗಿ. ಸಂಜೆ ಮಾಮಾ ಹಿತ್ತಿಲಲ್ಲಿ ನಿಂತು "ಲಕ್ಷ್ಮೀ" ಎಂದು ಕೂಗಿದರೆ ಅರ್ಧ ಓಣಿಯ ದನ ನುಗ್ಗುತ್ತಿತ್ತು. ಹಿಂದೆಯೇ "ಯಾಕ್ರಿ ಮಾವಾರ, ಕರದ್ರೇನು?" ಎಂದು ಪಕ್ಕದ ಮನೆಯ ಲಕ್ಷ್ಮೀಬಾಯಿಯೂ ಬರುತ್ತಿದ್ದರು. ತಕ್ತೆ ಗೋಡೆಗೇರಿದ್ದೇ ಈ ಗೊಂದಲ ನಿಂತಿತು. ಹಳೆಯ ಆಕಳು ಗೋ ಆದಳು. ಅವಳ ಮಗಳು ಹುಟ್ಟುತ್ತಲೇ ವೆಂಟ್. ವೆಂಟ್‌ಳ ಮಗಳು ಗಾನ್. ತಕ್ತೆಗೆ ಕೊಟ್ಟಿಗೆಯಲ್ಲೇ ಮೊಳೆ ಹೊಡೆದರು, ಹೆಸರು ಮರೆತರೆ ದನಕ್ಕೂ ನೋಡಿಕೊಳ್ಳಲು ಅನುಕೂಲವಾಗಲೆಂದು.

ನಿಯಮಗಳೂ ಹುಟ್ಟಿಕೊಂಡವು. ಒಂದೊಂದು ಖಾನೆಗೂ ಒಂದೊಂದು ವೇಷ ಹಾಕುವ ಸೊಕ್ಕಿನ ಕ್ರಿಯಾಪದಗಳು ಆಕಳಿಗೆ ಮೀಸಲು. ಬಾಲಕ್ಕೆ ಸುಮ್ಮನೆ 'ಎಡ್' ಹಚ್ಚಿದರೆ ಸಾಕೆನ್ನುವ ಬಡಪಾಯಿಗಳು ಆಡಿಗೆ. ಜಂಪ್ ಎಂಬ ಆಡು ಈದದ್ದೆಲ್ಲ ಜಂಪ್ಡ್. "ಆಡು ಭಾಳ ಈಯ್ತಾವ. ಅವಕ್ಕೆಲ್ಲ ತಲಿ ಖರ್ಚು ಮಾಡಾಕ ಆಗತೈತೇನು?" ಎಮ್ಮೆಗೆ ಗಂಭೀರ ಹೆಸರು ಬೇಕೆಂದು ಹುಡುಕಿ ಹುಡುಕಿ 'ಸ್ಟಿಂಕ್, ಸ್ಟ್ಯಾಂಕ್, ಸ್ಟಂಕ್' ಆರಿಸಿದರು. "ಹೆಸರಿಗೆ ವಜನ ಐತಿ!" ಎಂದರು. ಅದು ಗಬ್ಬುನಾತಕ್ಕೆ ಇರುವ ಪದವೆಂದು ಹೇಳಲು ನಾಲಿಗೆ ತುದಿಯವರೆಗೆ ಬಂದಿತ್ತು. ಎಮ್ಮೆ ನನ್ನನ್ನೇ ನೋಡುತ್ತಿತ್ತು. ನುಂಗಿಕೊಂಡೆ.

ಆಡುಗಳಲ್ಲಿ ಇನ್ನೊಂದು ಮನೆತನವಿತ್ತು: ಕಟ್, ಕಟ್, ಕಟ್. ಅಜ್ಜಿ, ಮಗಳು, ಮೊಮ್ಮಗಳು ಮೂವರಿಗೂ ಒಂದೇ ಹೆಸರು; ಒಮ್ಮೆ ಕೂಗಿದರೆ ಮೂರು ತಲೆಮಾರು ಓಡಿ ಬರುತ್ತಿತ್ತು. ಆಡಿಗೆ ಇಡಬಾರದ ಹೆಸರೆಂದರೆ ಅದೊಂದೇ! ಅದರ ಅರ್ಥವನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಮಾಮಾನಿಗೂ ಇಲ್ಲ, ಆಡಿಗೂ ಇಲ್ಲ.

"ಅರ್ಥ ಗೊತ್ತಿಲ್ಲದ ಹೆಸರ ಯಾಕ ಇಡ್ತೀರಿ ಮಾಮಾ?" ಎಂದು ಒಮ್ಮೆ ಕೆಣಕಿದ್ದೆ.

"ಆರತಿ ಹೊತ್ತಿನ್ಯಾಗ ನೀ ಮಂತ್ರದ ಅರ್ಥ ಕೇಳ್ತೀಯೇನು?"

"ಕೇಳ್ತೀನಿ!"

"ಅದಕ್ಕ ನಿನಗ ಪ್ರಸಾದ ಕಡೀಕ ಸಿಗತೈತಿ, ವಕೀಲಬಾಯಿ."

ವಕೀಲಬಾಯಿ ಎಂದರೆ ನಾನು. ನಾನು ಕಾನೂನಿನ ಪುಸ್ತಕ ಮುಟ್ಟಿದವಳೂ ಅಲ್ಲ. ಆದರೆ ಹುಟ್ಟಿದಾಗಲೇ ಸೂಲಗಿತ್ತಿಯ ಜೊತೆ ವಾದಕ್ಕಿಳಿದಿದ್ದೆ ಎಂದು ಮಾಮಾ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ.

ತಕ್ತೆಯಲ್ಲಿ ನಾಲ್ಕನೆಯದೊಂದು ಖಾನೆಯಿತ್ತು: ಗೋಯಿಂಗ್, ಈಟಿಂಗ್. ಅದೇನೆಂದು ಮಾಮಾ ಬಹಳ ದಿನ ತಲೆ ಕೆರೆದುಕೊಂಡರು. ಗೋ ಗಬ್ಬವಾದ ದಿನ ಥಟ್ಟನೆ ಹೊಳೆಯಿತು. ಗಬ್ಬದ ಆಕಳಿಗೆ 'ಇಂಗ್' ಹಚ್ಚಬೇಕು! "ಕೆಲಸ ನಡದೈತಿ, ಇನ್ನಾ ಮುಗದಿಲ್ಲ ಅಂತ." ಅಲ್ಲಿಂದ ಈಯುವವರೆಗೆ ಅವಳು ಗೋಯಿಂಗ್, ಈದ ಮರುಗಳಿಗೆ ಮತ್ತೆ ಗೋ. ಈ ವಾದದಲ್ಲಿ ತಪ್ಪು ಹಿಡಿಯಬೇಕೆಂದು ನಾನು ಎಷ್ಟೋ ಸಲ ಕೂತಿದ್ದೇನೆ. ಸಿಕ್ಕಿಲ್ಲ. ಅದೇ ಸಿಟ್ಟು.

ಇದನ್ನೂ ಮೀರಿಸಿದ್ದು ಬೀ ಪ್ರಕರಣ. ತಕ್ತೆಯಲ್ಲಿ 'ಬೀ' ಎಂಬ ಪದದ ಎರಡನೆಯ ಖಾನೆಯಲ್ಲಿ ಒಂದರ ಬದಲು ಎರಡು ರೂಪ ಅಚ್ಚಾಗಿದೆ: ವಾಜ್, ವರ್. ಆ ಹೆಸರಿನ ಆಕಳು ಗಬ್ಬವಾದಾಗ, ಹುಟ್ಟುವ ಕರುವಿಗೆ ಎರಡರಲ್ಲಿ ಯಾವುದನ್ನು ಇಡುತ್ತೀರಿ ಎಂದು ನಾನು ನಗುತ್ತ ಕೇಳಿದ್ದೆ. ನೋಡಿ, ಆಕಳು ಅವಳಿ ಈಯುವುದು ಎಷ್ಟು ಅಪರೂಪ! ಬೀ ಅವಳಿ ಈದಳು. ಎರಡೂ ಹೆಣ್ಣುಗರು. ಮಾಮಾ ಬೆಳಗಿನ ಬಸ್ಸಿಗೇ ಸೊಲ್ಲಾಪುರಕ್ಕೆ ಬಂದರು. ನಮ್ಮ ಅಂಗಡಿಯ ಕಟ್ಟೆ ಹತ್ತಿ, ಗಿರಾಕಿಗಳ ಎದುರಿಗೇ, ಟವೆಲಿನ ಗಂಟುಗಳ ನಡುವೆ ನಿಂತು ಕೂಗಿದರು:

"ದೇವರಿಲ್ಲ ಅಂತಿದ್ದೆಲ್ಲ? ಈಗ ಹೇಳು! ದೇವರಿಗೂ ಗ್ರಾಮರ್ ಬರತೈತಿ!"

"ಇದು ಯೋಗಾಯೋಗ, ಮಾಮಾ."

"ಹಂಗಾರ ಗೋಗ ಯಾಕ ಅವಳಿ ಆಗಲಿಲ್ಲ? ಬರೋಬರ್ ಬೀಗೇ ಯಾಕ ಆತು?"

ನಾನು ಇಂದಿಗೂ ನಾಸ್ತಿಕಳೇ. ಚಪಳಗಾಂವದ ಶಿವಾರದ ಗಡಿಯೊಳಗೆ ಮಾತ್ರ ಸ್ವಲ್ಪ ಕಡಿಮೆ.

ಕ್ರಿಯಾಪದಗಳು ಕೊಟ್ಟಿಗೆಯಲ್ಲಿ ಹಿಡಿಸದಂತಾದಾಗ ಮಾಮಾ ಪದಗಳಿಗೆ ತಲೆ ಬಾಲ ಹಚ್ಚುವುದಕ್ಕೆ ಶುರುಮಾಡಿದರು. 'ಅರ್' ಹಚ್ಚಿದರೆ ಕೆಲಸ ಮಾಡುವವನು ಎಂದು ಯಾರೋ ಹೇಳಿದ್ದರಂತೆ. ಎತ್ತಿನ ಜೋಡಿಯಲ್ಲಿ ಗಾಡಿ ಜಗ್ಗುವವನು ಜಗ್ಗರ್ ಆದ. ಬರೀ ಮೇಯುವವನು ಮೇಯರ್. "ನಮ್ಮ ಮೇಯರ್ ಮತ್ತ ಯಾರದೋ ತೊಗರಿ ಹೊಕ್ಕಾನ್ರಿ" ಎಂದು ಮಾಮಾ ಫೋನಿನಲ್ಲಿ ಹೇಳಿದಾಗ ಪಕ್ಕದಲ್ಲಿ ಕೂತಿದ್ದ ನಮ್ಮಪ್ಪನ ಸ್ನೇಹಿತರು ಮರುದಿನದ ಪೇಪರ್ ತರಿಸಿ ಹುಡುಕಿದರು. ಮಳೆಗಾಲದಲ್ಲಿ ಬಾವಿ ವಾಟರ್‌ಫುಲ್, ಬೇಸಿಗೆಯಲ್ಲಿ ಅದೇ ಬಾವಿ ವಾಟರ್‌ಲೆಸ್. ಒಂದು ಬೆಳಿಗ್ಗೆ ಚಹಾದ ಗುಟುಕು ಹೀರಿ, "ಇವತ್ತ ಚಾ ಅನ್‌ಸಕ್ರಿ ಆಗೈತಿ" ಎಂದರು. ಮಾಮಿಯ ಕೈಯಲ್ಲಿ ಕಪ್ಪು ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಆ ದಿನವೆಲ್ಲ ಮಾಮಾ ಅನ್‌ಚಾ.

ಮಾಮಿಯ ವಿಷಯಕ್ಕೆ ಬಂದೆ. ಇಷ್ಟೆಲ್ಲ ವ್ಯಾಕರಣದ ಸಗಣಿ ಬಾಚುವವರು ಅವರು. ಆದರೆ ಅವರ ಬಾಯಲ್ಲಿ ಒಂದೇ ಒಂದು ದನದ ಹೆಸರು ಯಾರೂ ಕೇಳಿರಲಿಲ್ಲ. ಬಿಳೀದು, ಕರೀದು, ಅವಳೀವು, ತೀರ ಸಿಟ್ಟು ಬಂದರೆ "ಏ ನಿನ್ನ!" "ನನಗ ಇಂಗ್ರೇಜಿ ಬರಂಗಿಲ್ಲವಾ" ಎಂದು ನನಗೆ ಹೇಳುತ್ತಿದ್ದರು, "ದನಕ್ಕೂ ಬರಂಗಿಲ್ಲ. ಇಡೀ ಮನ್ಯಾಗ ಅದು ಬರೋದು ಅವರೊಬ್ಬರಿಗೇ. ಅವರಿಗೂ ಬರಂಗಿಲ್ಲ."

ದಿನಾ ಬೆಳಿಗ್ಗೆ ಹಾಲು ಕರೆಯುವ ಮುಂಚೆ ಹಾಜರಿ. ಮಾಮಾ ಧೋತರದ ಚುಂಗು ಎತ್ತಿ ಸಿಕ್ಕಿಸಿ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ತಕ್ತೆಯ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. "ಗೋ!" ಮುದಿ ಗೋ ಕಿವಿ ಅಲ್ಲಾಡಿಸುತ್ತಿದ್ದಳು. "ವೆಂಟ್!" ಬಾಲ ಬೀಸುವ ಸಪ್ಪಳ. "ಗಾನ್!" ಹಗ್ಗ ಹರಿಯುವಂತೆ ಒಂದು ಅಂಬಾ. ಉತ್ತರ ಬರದೆ ಮುಂದಿನ ಹೆಸರಿಗೆ ಹೋಗುವಂತಿಲ್ಲ. ಒಮ್ಮೆ ಸ್ಟ್ಯಾಂಕ್ ನಿದ್ದೆ ಹೊಡೆಯುತ್ತಿದ್ದುದರಿಂದ ಇಡೀ ಮನೆಯ ಚಹಾ ತಡವಾಗಿತ್ತು.

ಎಲ್ಲ ಹೀಗೇ ನಡೆದಿರುತ್ತಿತ್ತು, ಮಾಮಿಯ ಮೊಣಕಾಲು ಕೈಕೊಡದಿದ್ದರೆ.

ಸೊಲ್ಲಾಪುರದ ಡಾಕ್ಟರರ ಹತ್ತಿರ ಅವರನ್ನು ಕರೆದುಕೊಂಡು ಹೋದವಳು ನಾನೇ. ಫೋಟೋ ತೆಗೆಸಿ ನೋಡಿದ ಡಾಕ್ಟರರು, ಇನ್ನು ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಕೂತು ಏಳುವ ಕೆಲಸ ಕಡಿಮೆ ಮಾಡಲೇಬೇಕು, ಇಲ್ಲವೆಂದರೆ ಮುಂದೆ ನಡೆಯುವುದೂ ಕಷ್ಟ ಎಂದರು. ಮಾಮಿಯ ಮುಖ ಸಣ್ಣದಾಯಿತು. ಜೊತೆಗೆ ಬಂದಿದ್ದ ಮಾಮಾ ಸಮಾಧಾನ ಹೇಳಲು ಹೋದರು: "ಚಿಂತಿ ಮಾಡಬ್ಯಾಡ. ಸಿಟ್, ಸ್ಯಾಟ್, ಸ್ಯಾಟ್. ಸ್ಟ್ಯಾಂಡ್, ಸ್ಟುಡ್, ಸ್ಟುಡ್." ಕಂಪೌಂಡರ್ ಇವರನ್ನೂ ಒಂದು ಸಲ ತೋರಿಸಿಬಿಡಿ ಎನ್ನುವಂತೆ ನನ್ನ ಕಡೆ ನೋಡಿದ.

ಬಸ್ ಸ್ಟ್ಯಾಂಡಿನಲ್ಲಿ ಮಾಮಿ ನನ್ನ ಕೈ ಹಿಡಿದುಕೊಂಡರು. "ಯವ್ವಾ, ಒಂದರೆ ದನಾ ಕಡಿಮಿ ಮಾಡಸು. ನಾ ಹೇಳಿದ್ರ ಕಿವ್ಯಾಗ ಹಾಕ್ಕೊಳ್ಳಂಗಿಲ್ಲ. ನೀ ಅಷ್ಟ ಕಪ್ ಗೆದ್ದೀಯಂತ, ಇದೊಂದು ಗೆದ್ದು ಕೊಡು."

ಅಂಥ ಪಕ್ಷಗಾರ್ತಿ ಸಿಕ್ಕ ಮೇಲೆ ಯಾವ ವಕೀಲಬಾಯಿ ಸುಮ್ಮನಿರುತ್ತಾಳೆ?

ಚರ್ಚೆ ನಡೆದದ್ದು ಎಳ್ಳ ಅಮಾವಾಸ್ಯೆಯ ದಿನ, ಹೊಲದಲ್ಲಿ. ಬನ್ನಿಗಿಡದ ಕೆಳಗೆ ಸಜ್ಜೆ ಕಡಬು, ಭಜ್ಜಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿದ್ದೆವು. ಅವತ್ತು ಊಟಕ್ಕೆ ಮುಂಚೆ ಭೂಮಿತಾಯಿಗೆ ಚರಗ ಚೆಲ್ಲುವ ಪದ್ಧತಿ. ಊರವರು ಎಡೆಯನ್ನು ಹೊಲದ ಸುತ್ತ ಚೆಲ್ಲುತ್ತ ಹಿರಿ ಹಿರಿಯರಿಂದ ಬಂದ ಕೂಗು ಹಾಕುತ್ತಾರೆ, ನಮ್ಮ ಮಾಮಾ "ಗಿವ್! ಗೇವ್! ಗಿವನ್!" ಎಂದು ಚೆಲ್ಲುತ್ತ ಬಂದರು. ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಅದೇ ಪದ. ಅರ್ಥ ಗೊತ್ತಿಲ್ಲದ ಮನುಷ್ಯ ಇಷ್ಟು ಸರಿಯಾಗಿ ಹೇಳಿದರೆ ಎದುರು ಪಕ್ಷಕ್ಕೆ ಎಷ್ಟು ಕಿರಿಕಿರಿ, ಯೋಚಿಸಿ!

ಮಾಮಿ ನ್ಯಾಯಾಧೀಶರು. ಪಕ್ಷಗಾರ್ತಿಯೇ ನ್ಯಾಯಾಧೀಶೆಯಾಗುವುದು ನಿಯಮಕ್ಕೆ ಸರಿಯಲ್ಲವೆಂದು ನನಗೂ ಗೊತ್ತು. ಆದರೆ ಕಡಬು ಅವರ ಕೈಯಲ್ಲಿತ್ತು. ಯಾರೂ ಆಕ್ಷೇಪ ಎತ್ತಲಿಲ್ಲ.

"ಮೊದಲನೇ ಮುದ್ದಾ," ಎಂದೆ, "ಮಾಮಿ ಮೊಣಕಾಲು."

"ಕಬೂಲ್," ಎಂದರು ಮಾಮಾ.

ಮೊದಲ ಮಾತಿಗೇ ಶರಣಾಗುವ ಎದುರಾಳಿಯನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿರಲಿಲ್ಲ. ವಾದಕ್ಕೆಂದು ಕಟ್ಟಿಕೊಂಡು ಬಂದಿದ್ದ ಉಳಿದ ಮುದ್ದಾಗಳು ಬಾಯಲ್ಲೇ ಉಳಿದವು.

"ಕಬೂಲ್ ವಕೀಲಬಾಯಿ. ಆದ್ರ ಯಾರನ್ನ ಕಳಸಲಿ? ನೀನೇ ಹೇಳು. ಗೋ ಮುದುಕಿ, ಆಕಿನ್ನ ಕಳಿಸಿದ್ರ ನನ್ನ ಕೈಗೆ ಅನ್ನ ಹತ್ತಂಗಿಲ್ಲ. ಗಾನ್ ಇನ್ನಾ ಕೂಸು. ಬೀ, ವಾಜ್, ವರ್ ಸಾಕ್ಷಾತ್ ದೇವರ ಸಾಕ್ಷಿ. ಸ್ಟ್ಯಾಂಕ್ ಮಸರಿಲ್ಲದ ಇಕೀಗೆ ಊಟ ಇಳಿಯಂಗಿಲ್ಲ."

ಬಲೆಗೆ ಅವರೇ ಬಂದು ಬಿದ್ದರು. "ಹಂಗಾರ ಉಳಿದವಳು ಒಬ್ಬಳೇ ಮಾಮಾ. ವೆಂಟ್. ಎಲ್ಲಾರಿಗಿಂತ ಹೆಚ್ಚು ಹಾಲು ಕೊಡಾಕಿ ಆಕಿ. ಮ್ಯಾಲ ಮಾಮಿ ಕೈ ಬಿಟ್ಟು ಬ್ಯಾರೆಯವರು ಮುಟ್ಟಿದ್ರ ಒದೀತಾಳ. ದಿನಾ ಎರಡು ಹೊತ್ತು ಮಾಮಿ ಕುಕ್ಕರಗಾಲಿಲೇ ಕೂಡೋದು ಯಾರ ಸಲುವಾಗಿ?"

ಮಾಮಾ ತಟ್ಟೆಯಲ್ಲಿನ ಹೋಳಿಗೆಯ ಅಂಚು ಮುರಿದರು, ಮತ್ತೆ ಅಲ್ಲೇ ಇಟ್ಟರು. ನಾವು ಮಾಮಿಯ ಕಡೆ ನೋಡಿದೆವು. ಅವರು ತಲೆ ಎತ್ತದೆ ಭಜ್ಜಿ ಬಡಿಸುತ್ತ, "ಹುಡಿಗಿ ಅನ್ನೋದು ಬರೋಬರ್ ಐತಿ" ಎಂದರು. ದನಿ ಮಾತ್ರ ಸೋತವರದಂತಿತ್ತು. ಗೆದ್ದ ಹುರುಪಿನಲ್ಲಿ ನಾನು ಎರಡನೆಯ ಹೋಳಿಗೆಗೆ ಕೈಹಾಕಿದ್ದೆ.

"ಆತು," ಎಂದರು ಮಾಮಾ. "ಕೊಡ್ತೀನಿ. ಆದ್ರ ಒಂದು ಷರತ್. ಪ್ಯಾಟಿಗೆ ಹೊಡಕೊಂಡು ಹೋಗಂಗಿಲ್ಲ. ಗಿರಾಕಿ ಮನಿಗೆ ಬರಬೇಕು. ಹೆಸರು ಬದಲಿ ಮಾಡಂಗಿಲ್ಲ."

ಎಷ್ಟು ಸಣ್ಣ ಷರತ್ತು ಎಂದುಕೊಂಡೆ. ಅಯ್ಯೋ!

ಮೊದಲು ಬಂದವರು ಸೊಲ್ಲಾಪುರದ ಕಡೆಯ ದೊಡ್ಡ ಡೇರಿಯವರು. ಕಪ್ಪು ಕನ್ನಡಕ, ಫಟಫಟಿ ಗಾಡಿ. ಹೆಸರು ಕೇಳಿ ನಕ್ಕು, ತಮ್ಮಲ್ಲಿ ಹೆಸರಿಲ್ಲ, ಕಿವಿಗೆ ನಂಬರಿನ ಬಿಲ್ಲೆ ಅಷ್ಟೇ ಎಂದು ಮರಾಠಿಯಲ್ಲಿ ಹೇಳಿದರು. ಮಾಮಾ ಕೈಮುಗಿದು, "ನಮ್ಮಾಕಿಗೆ ಗಣಿತ ಬರಂಗಿಲ್ರಿ" ಎಂದು ಕಳಿಸಿಬಿಟ್ಟರು.

ಎರಡನೆಯವನು ದಲ್ಲಾಳಿ. ಷರತ್ತಿನ ಸುದ್ದಿ ಮೊದಲೇ ತಿಳಿದು ತಯಾರಾಗಿ ಬಂದಿದ್ದ. ಕೊಟ್ಟಿಗೆ ಹೊಕ್ಕವನೇ, "ಹೆಸರ ಬದಲಿ ಮಾಡಂಗಿಲ್ರಿ ಮಾಲಕ! ನನಗೂ ಇಂಗ್ಲಿಷ್ ಬರ್ತೈತಿ. ಗೋ, ಗೋಡ್, ಗೋಡ್!" ಎಂದು ಎದೆಯುಬ್ಬಿಸಿದ.

ಮಾಮಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ತಮ್ಮಾ, ನೀ ಆಡಿನ ಗಿರಾಕಿ."

ಮೂರನೆಯವರು ನಿವೃತ್ತ ಗುರುಜಿ, ಮೊಮ್ಮಕ್ಕಳ ಹಾಲಿಗೆಂದು ಆಕಳು ಹುಡುಕುತ್ತಿದ್ದವರು. ಮಾಮಾನಿಗೆ ಖುಷಿಯೋ ಖುಷಿ. ವಿದ್ಯಾವಂತರ ಮನೆ! ಆದರೆ ಗುರುಜಿ ಹೆಸರು ಕೇಳಿ ಕಿವಿ ಮುಚ್ಚಿಕೊಂಡರು.

"ಶಿವಾ ಶಿವಾ! ವೆಂಟ್ ಅಂದ್ರ ಹೋದಳು ಅಂತ ಅರ್ಥ. ಲಕ್ಷ್ಮಿ ಬಂದಾಳ ಅಂತ ಮನಿಗೆ ಆಕಳ ತರ್ತಾರ, ಹೋದಳು ಅಂತ ಯಾರರೆ ತರ್ತಾರೇನ್ರಿ?"

ಮಾಮಾ ನನ್ನ ಕಡೆ ತಿರುಗಿದರು. "ಹೌದೇನು, ವಕೀಲಬಾಯಿ?"

ಸತ್ಯಕ್ಕಾಗಿ ಅಷ್ಟು ಮೇಜು ಗುದ್ದಿದವಳ ಆ ಒಂದು 'ಹೌದು' ಪಿಸುದನಿಯಲ್ಲಿ ಬಂತು. "ಹೌದ್ರಿ ಮಾಮಾ."

ಅವರು ಬಹಳ ಹೊತ್ತು ವೆಂಟ್‌ಳನ್ನು ನೋಡಿದರು. ಆಮೇಲೆ ಗುರುಜಿಗೆ ಹೇಳಿದರು: "ಈಕಿ ಹುಟ್ಟಿದಾಗಿಂದ ಈ ಗೂಟಾ ಬಿಟ್ಟು ಎಲ್ಲೀಗೂ ಹೋಗಿಲ್ರಿ. ನಿಮ್ಮ ಗ್ರಾಮರ್ ಸುಳ್ಳ ಐತಿ."

ಗುರುಜಿ ಹೋದ ಮೇಲೆ ಮೆಲ್ಲಗೆ ಕೇಳಿದರು, "ಗಾನ್ ಅಂದ್ರ?"

"ಅದೂ ಹೋಗಿದ್ದೇ ಮಾಮಾ."

"ಗೋ?"

"ಹೋಗು ಅಂತ."

"ಅರೆ! ಅಂದ್ರ ಮನಿತಾನಕ್ಕ ಮನಿತಾನೇ ಹೋಗೋ ಮಂದೀದು!" ಎಂದು ನಕ್ಕರು. ನಗು ಅರ್ಧಕ್ಕೆ ನಿಂತಿತು. ಆಡುಗಳ ಕಡೆ ತಿರುಗಿ, "ಮತ್ತ ಕಟ್ ಅಂದ್ರ?"

"ಅದೊಂದು ಮಾತ್ರ ಕೇಳಬ್ಯಾಡ್ರಿ."

ಇನ್ನು ಯಾರೂ ಬರುವುದಿಲ್ಲ ಎಂದುಕೊಂಡಿದ್ದೆವು. ಅಷ್ಟರಲ್ಲಿ ಕಂದಲಗಾಂವದಿಂದ ಒಬ್ಬ ಹೆಣ್ಣುಮಗಳು ಮೈದುನನನ್ನು ಕರೆದುಕೊಂಡು ಟೆಂಪೋದಲ್ಲಿ ಬಂದರು. ತಲೆತುಂಬ ಸೆರಗು, ಕೈಯಲ್ಲಿ ಹೊಸ ಹಗ್ಗ. ಹೆಸರು ಏನು, ಅರ್ಥ ಏನು, ಎಷ್ಟು ಹಾಲು, ಯಾವುದನ್ನೂ ಕೇಳಲಿಲ್ಲ. "ನೀವು ಆಕಿನ್ನ ಹ್ಯಾಂಗ ಕರೀತೀರಿ ಯಣ್ಣಾ? ಒಮ್ಮಿ ಕರೀರಿ, ನಾ ಕೇಳ್ತೀನಿ" ಎಂದರು.

ಮಾಮಾ ಕರೆದರು. ಅವರು ಕಣ್ಣು ಮುಚ್ಚಿ ಕೇಳಿದರು. ಎರಡನೆಯ ಸಲ ತಾವೇ ಕರೆದರು. ಬಾಲ ಬೀಸುವ ಸಪ್ಪಳ ಬಂತು! ಮಾಮಾ ನನ್ನ ಕಡೆ ನೋಡಿದರು. ನಾನು ಎಲ್ಲಿ ನೋಡಬೇಕೋ ತಿಳಿಯದೆ ತಕ್ತೆಯ ಕಡೆ ನೋಡಿದೆ.

ಕೊಳ್ಳುವ ಮುಂಚೆ ಹಾಲು ಕರೆದು ನೋಡುವುದು ರೂಢಿ. ಆ ಹೆಣ್ಣುಮಗಳು ಚರಿಗೆ ಹಿಡಿದು ಕೂತರು. ವೆಂಟ್ ಒದ್ದಳು. ಚರಿಗೆ ಟಣಟಣ ಉರುಳಿ ಮೇಯರನ ಗೋದಲಿಯ ಕೆಳಗೆ ಹೋಗಿ ನಿಂತಿತು. ಮತ್ತೆ ಕೂತರು, ಮತ್ತೆ ಒದೆ. ಮಾಮಾ ಬೆನ್ನು ಸವರಿದರು, ಹಿಂಡಿ ಇಟ್ಟರು, ಗೋಯಿಂದ ಗಾನ್‌ವರೆಗೆ ಮೂರು ರೂಪ ಹೇಳಿದರು. ಏನೂ ನಡೆಯಲಿಲ್ಲ. ನನ್ನೊಳಗಿನ ಯಾವುದೋ ಒಂದು ಮೂಲೆ, ನಾನು ಗೆದ್ದ ವಾದ ಬಿದ್ದುಹೋಗಲಿ ಎಂದು ಕಾಯುತ್ತಿತ್ತು.

ಆಗ ಹೊಸ್ತಿಲ ಮೇಲೆ ಕೂತಿದ್ದ ಮಾಮಿ ಗೋಡೆ ಹಿಡಿದು ಎದ್ದರು. ಕುಂಟುತ್ತ ಬಂದು, ಆಕಳ ಕೊರಳು ತಬ್ಬಿ, ಕಿವಿಯಲ್ಲಿ ಏನೋ ಅಂದರು. ವೆಂಟ್ ಕಾಲು ಸಡಿಲಿಸಿದಳು. ಚರಿಗೆಯಲ್ಲಿ ಸರ್ ಸರ್ ಎಂದು ಹಾಲು ಬಿತ್ತು.

"ಏನಂದ್ರಿ ಯಕ್ಕಾ?" ಎಂದು ಆ ಹೆಣ್ಣುಮಗಳು ಕೇಳಿದರು. ಮಾಮಿ ಸೆರಗು ಅಡ್ಡ ಹಿಡಿದು ಅವರ ಕಿವಿಯಲ್ಲೂ ಅದನ್ನೇ ಹೇಳಿದರು. "ನಮಗೂ ಹೇಳು!" ಎಂದು ಮಾಮಾ ಕೊಸರಿದರೆ, "ಹೆಂಗಸರ ಮಾತ ನಿಮಗ್ಯಾಕ?" ಎಂದು ಒಳಗೆ ಹೋಗಿಬಿಟ್ಟರು.

ವ್ಯವಹಾರ ಮುಗಿಯಿತು. ನಮ್ಮ ಕಡೆ ದನ ಕೊಟ್ಟರೂ ಹಗ್ಗ ಕೊಡುವುದಿಲ್ಲ. ಕೊಟ್ಟರೆ ಕೊಟ್ಟಿಗೆ ಬರಿದಾಗುತ್ತದೆಂದು ನಂಬಿಕೆ. ಇದಕ್ಕೆ ಏನು ಪುರಾವೆ ಎಂದು ಕೇಳುವ ಚಟ ನನಗಿದೆ. ಆ ದಿನ ಕೇಳಲಿಲ್ಲ. ಕೊಂಡವರು ತಂದ ಹೊಸ ಹಗ್ಗ ಕೊರಳಿಗೆ ಬಿತ್ತು, ಹಳೆಯದನ್ನು ಮಾಮಾ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಟೆಂಪೋ ಹೊರಡುವಾಗ ತಾವೂ ಹಿಂದೆ ಹತ್ತಿ ಅವಳ ಪಕ್ಕ ನಿಂತರು.

"ನೀವ್ಯಾಕ್ರಿ?" ಎಂದೆ.

"ಹೊಸಾ ಮನಿ. ಎಲ್ಲಾರಿಗೂ ಉಚ್ಚಾರ ಕಲಿಸಿ ಬರ್ತೀನಿ."

ಮರುದಿನ ಸಂಜೆ ಬಸ್ಸಿಳಿದು ಬಂದರು. ಹೆಗಲ ಮೇಲೆ ಅದೇ ಹಗ್ಗ. ಆ ಮನೆಯ ಮುದುಕಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರಿಂದ ಹೇಳಿಸಿದರಂತೆ. "ಕೂಸು ಬರೀ 'ವೇ' ಅಂತೈತಿ. ಕಲೀತೈತಿ, ಅವಸರಿಲ್ಲ." ಊಟ ಬೇಡವೆಂದರು. ಬಸ್ಸಿನ ಧೂಳಿಗೆ ಕಣ್ಣು ಕೆಂಪಾಗಿವೆ ಎಂದರು. ಬಸ್ಸಿನಲ್ಲಿ ಅವರು ಯಾವಾಗಲೂ ಮುಚ್ಚಿದ ಕಿಟಕಿಯ ಸೀಟು ಹಿಡಿಯುವವರು. ನಾನು ಆ ವಾದವನ್ನೂ ಎತ್ತಲಿಲ್ಲ.

ಬೆಳಿಗ್ಗೆ ಎಂದಿನಂತೆ ಧೋತರದ ಚುಂಗು ಸಿಕ್ಕಿಸಿ ಬಾಗಿಲಲ್ಲಿ ನಿಂತರು. ನಾನು ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತಿದ್ದೆ. ಒಳಗೆ ಮಾಮಿ ಎತ್ತರದ ಒಲೆಯ ಮುಂದೆ ಸ್ಟೂಲಿನ ಮೇಲೆ ಕೂತು ಅಡುಗೆ ಕಟ್ಟೆಯ ಮೇಲೆ ರೊಟ್ಟಿ ತಟ್ಟುತ್ತಿದ್ದರು. ಪಟ ಪಟ ಸಪ್ಪಳ ಕೇಳುತ್ತಿತ್ತು.

"ಗೋ!"

ಮುದಿ ಗೋ ಕಿವಿ ಅಲ್ಲಾಡಿಸಿದಳು.

ಮಾಮಾ ಬಾಯಿ ತೆರೆದರು. ತೆರೆದದ್ದು ತೆರೆದಂತೆಯೇ ಉಳಿಯಿತು. ಎದುರಿಗೆ ಗೂಟ, ಗೂಟದ ಸುತ್ತ ಅವಳು ಮಲಗಿ ಮಲಗಿ ತಗ್ಗು ಬಿದ್ದ ನೆಲ. ಉತ್ತರ ಬರದೆ ಮುಂದಿನ ಹೆಸರಿಗೆ ಹೋಗುವಂತಿಲ್ಲ, ನಿಯಮ ಅವರದೇ. ಗಾನ್ ತನ್ನ ಸರದಿಗೆಂದು ಕತ್ತು ಎತ್ತಿ ನಿಂತಿದ್ದಳು. ನನಗೆ ಏನಾದರೂ ಹೇಳಬೇಕೆನಿಸಿತು. ಬಾಯಿ ತುಂಬ ನೊರೆ, ತಲೆ ತುಂಬ ಮುದ್ದಾಗಳು. ಒಂದೂ ಕೆಲಸಕ್ಕೆ ಬರುವಂಥದ್ದಿರಲಿಲ್ಲ.

ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

"ವೆಂಟ್ ಕಂದಲಗಾಂವದಾಗ ಹಾಜರ್ ಅದಾಳ್ರೀ!" ಎಂದು ಮಾಮಿ ಅಡುಗೆಮನೆಯಿಂದಲೇ ಕೂಗಿದರು. ಹೆಸರು ಎಷ್ಟು ಸ್ಪಷ್ಟವಾಗಿ ಬಂತು! ವರ್ಷಗಳಿಂದ ದಿನಾ ಎರಡು ಹೊತ್ತು, ಯಾರಿಗೂ ಕೇಳದಂತೆ, ಒಂದು ಆಕಳ ಕಿವಿಯಲ್ಲಿ ಹೇಳಿ ಹೇಳಿ ನಯವಾದ ಹೆಸರು. "ನಿಂತ್ರೇನು? ಮುಂದ ಕರೀರಿ. ಸಣ್ಣಾಕಿ ಕಾಯಾಕತ್ತಾಳ."

ಮಾಮಾ ಅಡುಗೆಮನೆಯ ಕಡೆ ತಿರುಗಿ ನೋಡಿದರು. ಹೆಗಲ ಮೇಲಿನ ಹಗ್ಗ ಸರಿಮಾಡಿಕೊಂಡರು.

"ಗಾನ್!" ಎಂದರು.

"ಅಂಬಾ!"

ರೊಟ್ಟಿ ತಟ್ಟುವ ಸಪ್ಪಳ ಮತ್ತೆ ಶುರುವಾಯಿತು.